ಪದ ಪರಿಚಯ: ಸೀರಂ

ಪರೀಕ್ಷೆಗೆ ತೆಗೆದ ರಕ್ತದ ಟ್ಯೂಬಿನಲ್ಲಿ ಮೇಲೆ ನಿಂತ ಹಳದಿ ದ್ರವವನ್ನೆಲ್ಲ ‘ಸೀರಂ’ ಎಂದುಬಿಡುವುದು ರೂಢಿಯಾಗಿದೆ. ಆರೋಗ್ಯ ಲೇಖನಗಳು ಹೋಗಲಿ, ಲ್ಯಾಬಿಗೆ ಸ್ಯಾಂಪಲ್ ಜೊತೆ ಹೋಗುವ ಫಾರಂಗಳಲ್ಲೂ ಹೀಗೇ ಬರೆದಿರುತ್ತಾರೆ. ನೇರಳೆ ಮುಚ್ಚಳದ ಟ್ಯೂಬಿನಿಂದ ತೆಗೆದದ್ದು ಸೀರಂ ಆಗಲು ಸಾಧ್ಯವೇ ಇಲ್ಲ. ಹಾರ್ಮೋನ್ ಪರೀಕ್ಷೆಯಲ್ಲಿ ಈ ಗೊಂದಲದಿಂದ ರಿಪೋರ್ಟೇ ತಲೆಕೆಳಗಾಗಬಹುದು.

ಲ್ಯಾಟಿನ್‌ನಲ್ಲಿ ಸೀರಂ ಎಂದರೆ ಹಾಲು ಒಡೆದಾಗ ಬೇರ್ಪಡುವ ನೀರು. ಹೆಸರಿಟ್ಟವರು ಸರಿಯಾಗಿಯೇ ನೋಡಿದ್ದರು. ಹಾಲು ಒಡೆಯದೆ ಆ ನೀರಿಲ್ಲ, ರಕ್ತ ಹೆಪ್ಪುಗಟ್ಟದೆ ಸೀರಂ ಇಲ್ಲ. ಹೆಪ್ಪುಗಟ್ಟುವಾಗ ಫೈಬ್ರಿನೋಜನ್ ಎಂಬ ಪ್ರೋಟೀನು ಫೈಬ್ರಿನ್ ಎಳೆಗಳಾಗಿ ಗಡ್ಡೆಗೆ ಸೇರಿಹೋಗುತ್ತದೆ; ಮಿಕ್ಕ ದ್ರವ ಸೀರಂ. ಹೆಪ್ಪುಗಟ್ಟದಂತೆ ತಡೆದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ರಭಸವಾಗಿ ತಿರುಗಿಸಿದರೆ ಸಿಗುವುದು ಪ್ಲಾಸ್ಮಾ. ಅದರಲ್ಲಿ ಫೈಬ್ರಿನೋಜನ್ ಹಾಗೆಯೇ ಇರುತ್ತದೆ, ಹೆಪ್ಪು ತಡೆಯಲು ಹಾಕಿದ ರಾಸಾಯನಿಕವೂ ಇರುತ್ತದೆ. ತೊಂದರೆ ಕೊಡುವುದು ಈ ಎರಡನೆಯದು.

ನೇರಳೆ ಟ್ಯೂಬಿನಲ್ಲಿರುವುದು ಇಡಿಟಿಎ ಎಂಬ ರಾಸಾಯನಿಕ, ಪೊಟ್ಯಾಸಿಯಂ ಲವಣದ ರೂಪದಲ್ಲಿ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೆಪ್ಪನ್ನು ತಡೆಯುತ್ತದೆ; ಮೆಗ್ನೀಸಿಯಂ, ಸತುವನ್ನೂ ಬಿಡುವುದಿಲ್ಲ. ಕೆಲವು ಹಾರ್ಮೋನ್ ಯಂತ್ರಗಳಲ್ಲಿ ಬೆಳಕಿನ ಸಂಕೇತ ಹುಟ್ಟಿಸುವುದು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ, ಅದಕ್ಕೆ ಸತುವೂ ಮೆಗ್ನೀಸಿಯಮ್ಮೂ ಬೇಕು. ಇಡಿಟಿಎ ಹೆಚ್ಚಾದರೆ ಬೆಳಕು ಕುಂದುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಅನ್ನು, ಅದಕ್ಕೆ ಅಂಟಿಕೊಳ್ಳುವ ಎರಡು ಪ್ರತಿಕಾಯಗಳ (ಆ್ಯಂಟಿಬಾಡಿ) ನಡುವೆ ಹಿಡಿದು ಅಳೆಯುತ್ತಾರೆ. ಅಲ್ಲಿ ಬೆಳಕು ಕುಂದಿದರೆ ಹಾರ್ಮೋನ್ ಕಡಿಮೆಯೆಂದು ಬರುತ್ತದೆ. ಥೈರಾಯ್ಡ್ ಹಾರ್ಮೋನ್ ಫ್ರೀ ಟಿ4, ಒತ್ತಡದ ಹಾರ್ಮೋನ್ ಕಾರ್ಟಿಸಾಲ್‌ನಂಥ ಸಣ್ಣ ಅಣುಗಳ ಪರೀಕ್ಷೆ ಪೈಪೋಟಿಯದು: ಸ್ಯಾಂಪಲಿನ ಹಾರ್ಮೋನ್, ಕಿಣ್ವ ಅಂಟಿಸಿದ ಹಾರ್ಮೋನಿನೊಡನೆ ಪ್ರತಿಕಾಯದ ಜಾಗಕ್ಕೆ ಸ್ಪರ್ಧಿಸುತ್ತದೆ. ಅಲ್ಲಿ ಕುಂದಿದ ಬೆಳಕಿಗೆ ಹಾರ್ಮೋನ್ ಹೆಚ್ಚೆಂದು ಅರ್ಥ. ಹೀಗೆ ಒಂದೇ ಟ್ಯೂಬಿನಿಂದ ಟಿಎಸ್‌ಎಚ್ ಇಳಿದು, ಟಿ4 ಏರಿ, ಥೈರಾಯ್ಡ್ ಸರಿಯಿರುವವರಿಗೂ ಹೈಪರ್‌ಥೈರಾಯ್ಡ್ (ಗ್ರಂಥಿ ಅತಿಯಾಗಿ ಕೆಲಸ ಮಾಡುವ ತೊಂದರೆ) ಇದ್ದಂತೆ ಕಾಣಬಹುದು. 4 ಮಿ.ಲೀ. ಟ್ಯೂಬಿಗೆ 1 ಮಿ.ಲೀ. ರಕ್ತ ಬಿಟ್ಟರೆ ಇಡಿಟಿಎ ಸಾಂದ್ರತೆ ನಾಲ್ಕು ಪಟ್ಟು. ಗೆರೆಯವರೆಗೆ ತುಂಬಿ ಎಂದು ಹೇಳುವುದು ಇದಕ್ಕೇ.

ಸೀರಂಗೆ ಬಳಸುವ ಕೆಂಪು ಮುಚ್ಚಳದ ಟ್ಯೂಬಿನಲ್ಲಿ ರಕ್ತ ಸಾಲದೆ ನೇರಳೆಯದನ್ನು ಅದಕ್ಕೆ ಸುರಿಯುವುದಂತೂ ಯಾವ ಕಾರಣಕ್ಕೂ ಕೂಡದು. ಅನುಮಾನ ಬಂದರೆ ಅದೇ ಸ್ಯಾಂಪಲಿನಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ನೋಡಿ. ಮೊದಲನೆಯದು ನಂಬಲಾಗದಷ್ಟು ಇಳಿದು ಎರಡನೆಯದು ಏರಿದ್ದರೆ ಇಡಿಟಿಎ ಬೆರೆತಿದೆ.

ಹಾಗೆಂದು ಎಲ್ಲ ಹಾರ್ಮೋನಿಗೂ ಸೀರಂ ಒಳ್ಳೆಯದೆನ್ನುವಂತಿಲ್ಲ. ಪ್ಯಾರಾಥೈರಾಯ್ಡ್ ಹಾರ್ಮೋನ್ (ಪಿಟಿಎಚ್) ಸೀರಂಗಿಂತ ಇಡಿಟಿಎ ಪ್ಲಾಸ್ಮಾದಲ್ಲಿ ಹೆಚ್ಚು ಹೊತ್ತು ಕೆಡದೆ ಉಳಿಯುತ್ತದೆ. ಕಾರ್ಟಿಸಾಲ್ ಸ್ರವಿಸುವಂತೆ ಮಾಡುವ ಎಸಿಟಿಎಚ್ ಹಾರ್ಮೋನಿಗೆ ಮೊದಲೇ ತಣ್ಣಗೆ ಮಾಡಿದ ಇಡಿಟಿಎ ಪ್ಲಾಸ್ಟಿಕ್ ಟ್ಯೂಬ್ ಬೇಕು, ಗಾಜಿಗೆ ಅದು ಅಂಟಿಕೊಳ್ಳುತ್ತದೆ. ಐಸ್‌ನಲ್ಲಿಟ್ಟು ಸಾಗಿಸಿ, ತಣ್ಣನೆಯ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೂಡಲೇ ಫ್ರೀಜ್ ಮಾಡಬೇಕು. ರಕ್ತದೊತ್ತಡ ನಿಯಂತ್ರಣದಲ್ಲಿ ಪಾತ್ರವಿರುವ ರೆನಿನ್‌ಗೂ ಇಡಿಟಿಎಯೇ, ಆದರೆ ಐಸ್ ಬೇಡ: ಚಳಿಯಲ್ಲಿ ಪ್ರೊರೆನಿನ್ (ರೆನಿನ್ನಿನ ನಿಷ್ಕ್ರಿಯ ಪೂರ್ವರೂಪ) ಚುರುಕಾಗಿ ರೆನಿನ್ ಲೆಕ್ಕ ಸುಳ್ಳೇ ಏರುತ್ತದೆ. ಇನ್ಸುಲಿನ್‌ಗೆ ತೆಗೆದ ರಕ್ತದಲ್ಲಿ ಕೆಂಪುಕಣ ಒಡೆದಿದ್ದರೆ, ಅದರೊಳಗಿನ ಕಿಣ್ವ ಇನ್ಸುಲಿನ್ ಅನ್ನೇ ಕತ್ತರಿಸಿಹಾಕುತ್ತದೆ.

ಸೀರಂ ಟ್ಯೂಬೂ ಬರೀ ಪಾತ್ರೆಯಲ್ಲ. ಒಳಗೋಡೆಗೆ ಹೆಪ್ಪು ಬೇಗ ಕಟ್ಟಿಸುವ ಸಿಲಿಕಾ ಇರುತ್ತದೆ, ರಕ್ತ ಅಂಟದಂತೆ ಲೇಪನ ಇರುತ್ತದೆ. ಒಂದು ಬಗೆಯ ಟ್ಯೂಬಿನ ಲೇಪನದಲ್ಲಿದ್ದ ಸರ್ಫ್ಯಾಕ್ಟೆಂಟ್ (ಸಾಬೂನಿನಂಥ ವಸ್ತು), ಪರೀಕ್ಷೆಯ ಮಣಿಗೆ ಅಂಟಿಸಿದ ಪ್ರತಿಕಾಯವನ್ನು ಕೀಳುತ್ತಿದ್ದುದರಿಂದ ಒಟ್ಟು ಟಿ3 (ಇನ್ನೊಂದು ಥೈರಾಯ್ಡ್ ಹಾರ್ಮೋನ್) ಸುಳ್ಳೇ ಏರುತ್ತಿತ್ತೆಂದು 2005ರಲ್ಲಿ ಪ್ರಕಟವಾಯಿತು. ಹಳದಿ ಮುಚ್ಚಳದ ಜೆಲ್ ಟ್ಯೂಬಿನಲ್ಲಿ ಸೀರಂ ಹಾಗೇ ಬಿಟ್ಟರೆ ಕೆಲವು ಜೆಲ್‌ಗಳು ಪ್ರೊಜೆಸ್ಟರಾನ್ ಹೀರುತ್ತವೆ. ಕಾಯ್ದಿಡುವುದಾದರೆ ಬೇರೆ ಟ್ಯೂಬಿಗೆ ತೆಗೆಯಬೇಕು.

ಕೆಂಪು ಟ್ಯೂಬನ್ನು 5–6 ಸಲ ಮೆಲ್ಲಗೆ ತಲೆಕೆಳಗು ಮಾಡಿ, ನೆಟ್ಟಗೆ 30 ನಿಮಿಷ ಬಿಡಬೇಕು. ಏನೂ ಸೇರಿಸದ ಗಾಜಿನದಾದರೆ 60. ಹೆಪ್ಪು ತಡೆಯುವ ಹೆಪಾರಿನ್ ಚಿಕಿತ್ಸೆಯಲ್ಲಿರುವವರ ರಕ್ತಕ್ಕೆ ಇನ್ನೂ ಹೊತ್ತು ಬೇಕು. ಅವಸರಪಟ್ಟು ತಿರುಗಿಸಿದರೆ ಫೈಬ್ರಿನ್ ಎಳೆ ಯಂತ್ರದ ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಬೇರೆ ಟ್ಯೂಬಿಗೆ ತೆಗೆದಾದ ಮೇಲೆ ಸೀರಂ, ಪ್ಲಾಸ್ಮಾ ಎರಡೂ ನೋಡಲು ಒಂದೇ, ಆದ್ದರಿಂದ ಚೀಟಿಯಲ್ಲಿ ‘ಸೀರಂ’, ‘ಇಡಿಟಿಎ ಪ್ಲಾಸ್ಮಾ’, ‘ಹೆಪಾರಿನ್ ಪ್ಲಾಸ್ಮಾ’ ಎಂದು ಪೂರ್ತಿ ಬರೆಯಿರಿ.