ಇಂಜೆಕ್ಷನ್ ಕಿತ್ತು ಕಾರ್ಬೊರೇಟರ್ ಹಾಕೋಕೆ ಮುಂಚೆ

ಹಳೇ ಫ್ಯೂಯೆಲ್ ಇಂಜೆಕ್ಷನ್ (ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ) ಇರೋ ಸ್ಪೋರ್ಟ್ಸ್ ಕಾರ್ ಇಟ್ಕೊಂಡೋರು ನಮ್ಮಂಥ ಮೆಕ್ಯಾನಿಕ್‌ಗಳ ಹತ್ರ ಬಂದು ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು, ಈ ಇಂಜೆಕ್ಷನ್ ಸಹವಾಸ ಸಾಕಾಯ್ತು, ಕಿತ್ತಾಕಿ ಎರಡು ವೆಬರ್ ಕಾರ್ಬೊರೇಟರ್ ಕೂರಿಸ್ಬಿಡಿ ಅಂತ. ಪೋರ್ಷೆ 914 ಇರ್ಲಿ, ಡಾಟ್ಸನ್ 280ಝಡ್ ಇರ್ಲಿ, ಟ್ರಯಂಫ್ ಟಿಆರ್6 ಇರ್ಲಿ, ದೂರು ಅದೇ: ಸ್ಟಾರ್ಟಿಂಗ್ ಟ್ರಬಲ್, ಕಪ್ಪು ಹೊಗೆ, ಮೈಲೇಜ್ ಇಲ್ಲ, ಸಿಗ್ನಲ್‌ನಲ್ಲಿ ನಿಂತ್ರೆ ಆಫ್ ಆಗುತ್ತೆ. ಹಾಕಲ್ಲ ಅಂತ ನಾನು ಹೇಳಲ್ಲ. ಆದ್ರೆ ಕೀಳೋಕೆ ಮುಂಚೆ ಒಂದು ದಿನ ಕೊಡಿ, ನೋಡ್ತೀನಿ ಅಂತೀನಿ. ಯಾಕಂದ್ರೆ ಕಾಯಿಲೆ ಇಗ್ನಿಷನ್‌ನಲ್ಲೋ ವಾಲ್ವ್ ಕ್ಲಿಯರೆನ್ಸ್‌ನಲ್ಲೋ ಇದ್ರೆ ಕಾರ್ಬೊರೇಟರ್ ಹಾಕಿದ್ಮೇಲೂ ಅದು ಅಲ್ಲೇ ಇರುತ್ತೆ, ಮೇಲಿಂದ ಇನ್ನೂ ನಾಲ್ಕು ಸೇರ್ಕೊಳುತ್ತೆ.

280ಝಡ್‌ನಲ್ಲಿರೋ ಎಲ್-ಜೆಟ್ರೋನಿಕ್ ತಗೊಳ್ಳಿ, ಒಳಗೆ ಹೋಗೋ ಗಾಳಿ ಅಳೆದು ಪೆಟ್ರೋಲ್ ಬಿಡೋ ಎಲೆಕ್ಟ್ರಾನಿಕ್ ಇಂಜೆಕ್ಷನ್ ಅದು. ಅದಕ್ಕೊಂದು ಟೆಂಪರೇಚರ್ ಸೆನ್ಸರ್ ಇದೆ, ತಣ್ಣಗಿದ್ರೆ ರೆಸಿಸ್ಟೆನ್ಸ್ ಜಾಸ್ತಿ, ಬಿಸಿ ಆದ್ರೆ ಕಮ್ಮಿ, 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ 300ರ ಆಸುಪಾಸು, ಅಷ್ಟೇ ಅದರ ಕೆಲಸ. ಇಂಜಿನ್ ಬಿಸಿಗೆ ವರ್ಷಗಟ್ಲೆ ಬೆಂದು ಅದರ ಕನೆಕ್ಟರ್ ಬಿಸ್ಕೆಟ್ ಥರ ಪುಡಿ ಆಗಿರುತ್ತೆ, ಮುಟ್ಟಿದ್ರೆ ಪಿನ್ ಕೈಗೆ ಬರುತ್ತೆ. ಕನೆಕ್ಷನ್ ಕಟ್ ಆದ ತಕ್ಷಣ ಇಸಿಯುಗೆ, ಅಂದ್ರೆ ಇಂಜೆಕ್ಷನ್ ನಡೆಸೋ ಕಂಪ್ಯೂಟರ್‌ಗೆ, ಕಾಣೋದು ಲೆಕ್ಕಕ್ಕೆ ಸಿಗದಷ್ಟು ರೆಸಿಸ್ಟೆನ್ಸ್, ಅಂದ್ರೆ ಇಂಜಿನ್ ವಿಪರೀತ ತಣ್ಣಗಿದೆ ಅಂದ್ಕೊಂಡು ಪೆಟ್ರೋಲ್ ಸುರಿಯುತ್ತೆ. ಪ್ಲಗ್ ಎಲ್ಲ ಮಸಿ, ಎಕ್ಸಾಸ್ಟಲ್ಲಿ ಹೊಗೆ. ಓನರ್ ತೀರ್ಮಾನ: ಇಂಜೆಕ್ಷನ್ ಹೋಯ್ತು. ಹೋಗಿರೋದು ಎರಡು ಪಿನ್ನಿನ ಒಂದು ಪ್ಲಾಸ್ಟಿಕ್ ತುಂಡು.

ಇನ್ನೊಂದು ಟೆಸ್ಟ್ ಇದೆ, ಇದಕ್ಕೆ ಟೂಲ್ ಕೂಡ ಬೇಡ. ಎಲ್-ಜೆಟ್ರೋನಿಕ್ ಗಾಡಿ ಐಡ್ಲಿಂಗ್‌ನಲ್ಲಿರುವಾಗ ಇಂಜಿನ್ ಆಯಿಲ್ ಹಾಕೋ ಮುಚ್ಚಳ ತೆಗೀರಿ. ಏರ್‌ಫ್ಲೋ ಮೀಟರ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗಿ ಇಂಜಿನ್ ತಡವರಿಸ್ಬೇಕು, ಆಫ್ ಆದ್ರೂ ಆಗ್ಬಹುದು. ಏನೂ ಆಗ್ಲಿಲ್ಲ ಅಂದ್ರೆ ಗಾಳಿ ಈಗಾಗ್ಲೇ ಎಲ್ಲಿಂದಲೋ ನುಗ್ತಾ ಇದೆ ಅಂತ ಅರ್ಥ: ಒಡೆದ ಹೋಸ್, ಗಟ್ಟಿಯಾದ ಇಂಜೆಕ್ಟರ್ ಸೀಲ್, ಹೀಗೆ ಏನಾದ್ರೂ. 914ರ 1.7 ಮತ್ತೆ 2.0 ಲೀಟರ್‌ನಲ್ಲಿ ಬರೋದು ಡಿ-ಜೆಟ್ರೋನಿಕ್, ಅದು ಗಾಳಿ ಅಳೆಯಲ್ಲ, ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಹೋಗೋ ಕೊಳವೆ) ಪ್ರೆಷರ್ ಅಳೆಯುತ್ತೆ, ಅಲ್ಲಿ ಈ ಟೆಸ್ಟ್ ನಡೆಯಲ್ಲ. ಅಲ್ಲಿ ನೋಡ್ಬೇಕಾಗಿರೋದು ಪ್ರೆಷರ್ ಸೆನ್ಸರ್ ಒಳಗಿನ ಡಯಾಫ್ರಮ್, ಅದು ಸೀಳು ಬಿಟ್ಟಿದ್ರೆ ಮಿಕ್ಸ್ಚರ್ ಮನಸ್ಸಿಗೆ ಬಂದ ಹಾಗೆ ಆಡುತ್ತೆ. ಕೈ ವ್ಯಾಕ್ಯೂಮ್ ಪಂಪ್ ಹಾಕಿ ಎಳೆದ್ರೆ ಮುಳ್ಳು ನಿಲ್ಬೇಕು, ಇಳೀತಾ ಹೋದ್ರೆ ಸೆನ್ಸರ್ ಔಟ್.

ಇಷ್ಟೆಲ್ಲ ನೋಡಿದ್ಮೇಲೂ ಕಾರ್ಬೊರೇಟರ್ರೇ ಸರಿ ಅನ್ನೋ ಗಾಡಿಗಳಿವೆ. ಮುಖ್ಯವಾಗಿ ವಾಲ್ವ್ ತೆರೆಯೋ ಕ್ಯಾಮ್ ಬದಲಾಯಿಸಿರೋ ಇಂಜಿನ್. ಓವರ್‌ಲ್ಯಾಪ್ (ಎರಡೂ ವಾಲ್ವ್ ಒಟ್ಟಿಗೆ ತೆರೆದಿರೋ ಹೊತ್ತು) ಜಾಸ್ತಿ ಇರೋ ಕ್ಯಾಮ್ ಹಾಕಿದ್ರೆ ಸ್ಲೋ ಸ್ಪೀಡಲ್ಲಿ ವ್ಯಾಕ್ಯೂಮ್ ನೆಟ್ಟಗೆ ನಿಲ್ಲಲ್ಲ, ಕುಣಿಯುತ್ತೆ, ಅದನ್ನೇ ನಂಬ್ಕೊಂಡಿರೋ ಡಿ-ಜೆಟ್ರೋನಿಕ್‌ಗೆ ದಾರಿ ತಪ್ಪುತ್ತೆ, ಅಂಥ ಕಡೆ ವೆಬರ್ ಹಾಕೋದ್ರಲ್ಲಿ ಅರ್ಥ ಇದೆ. ಅರ್ಧ ಸಾಮಾನು ಹಿಂದಿನ ಓನರೇ ಕಳೆದಿರೋ ಗಾಡಿನೂ ಹಾಗೇ. ಆದ್ರೆ ಸ್ಟಾಕ್ ಕ್ಯಾಮ್, ಸ್ಟಾಕ್ ಪಿಸ್ಟನ್ ಇಟ್ಕೊಂಡು ಬರೀ ಕಾರ್ಬೊರೇಟರ್ ಹಾಕಿ ಪವರ್ ಬರುತ್ತೆ ಅಂತ ಕಾಯೋರಿಗೆ ನಾನು ಟಿಆರ್6 ತೋರಿಸ್ತೀನಿ. ಅದರಲ್ಲಿ ಕಂಪನಿನೇ ಎರಡೂ ಮಾಡಿ ಮಾರಿತ್ತು, ಬ್ರಿಟನ್‌ಗೆ ಲ್ಯೂಕಸ್ ಇಂಜೆಕ್ಷನ್, ಅಮೆರಿಕಕ್ಕೆ ಸ್ಟ್ರೋಮ್‌ಬರ್ಗ್ ಕಾರ್ಬೊರೇಟರ್. ಶುರುವಿನ ಇಂಜೆಕ್ಷನ್ ಗಾಡಿಗೆ 150 ಹಾರ್ಸ್‌ಪವರ್ ಅಂತ ಹೇಳಿದ್ರು, ಕಾರ್ಬೊರೇಟರ್ ಗಾಡಿಗೆ ನೂರರ ಮೇಲೆ ಸ್ವಲ್ಪ. ಕ್ಯಾಮ್, ಕಂಪ್ರೆಷನ್ ಕೂಡ ಬೇರೆ ಇತ್ತು ಅನ್ನೋದು ನಿಜ, ನಾನು ಹೇಳ್ತಿರೋದೂ ಅದನ್ನೇ, ಪವರ್ ಕೊಡೋದು ಇಡೀ ಸೆಟ್ಟು.

ಸರಿ, ಹಾಕೋದೇ ಅಂತ ತೀರ್ಮಾನ ಆಯ್ತು. ಎಲ್ಲರ ಕಣ್ಣು ಕಾರ್ಬೊರೇಟರ್ ಮೇಲೆ, ನನ್ನ ಕಣ್ಣು ಮೊದಲು ಹೋಗೋದು ಗಾಡಿಯೊಳಗಿನ ಪೆಟ್ರೋಲ್ ಪಂಪ್ ಮೇಲೆ. ಇಂಜೆಕ್ಷನ್ ಪಂಪ್ ಕೊಡೋದು 30 ಪಿಎಸ್‌ಐ (ಪ್ರೆಷರ್‌ನ ಅಳತೆ), ಅದಕ್ಕೂ ಮೇಲೆ, ಲ್ಯೂಕಸ್‌ನಲ್ಲಂತೂ 100 ದಾಟುತ್ತೆ. ವೆಬರ್‌ಗೆ ಬೇಕಾಗಿರೋದು 3, ಹೆಚ್ಚಂದ್ರೆ 3.5. ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲೋ ಫ್ಲೋಟ್ ಬೌಲ್‌ನ ಬಾಗಿಲು ಕಾಯೋದು ಒಂದು ಸಣ್ಣ ನೀಡಲ್ ವಾಲ್ವ್, ಅದನ್ನ ಮೇಲೆತ್ತಿ ಹಿಡಿಯೋದು ಹಿತ್ತಾಳೆ ಫ್ಲೋಟ್‌ನ ತೇಲೋ ಶಕ್ತಿ ಮಾತ್ರ, 30 ಪಿಎಸ್‌ಐ ಮುಂದೆ ಅದು ನಿಲ್ಲಲ್ಲ. ಬೌಲ್ ಓವರ್‌ಫ್ಲೋ ಆಗಿ ಪೆಟ್ರೋಲ್ ಸೀದಾ ಸಿಲಿಂಡರ್‌ಗೆ ಇಳಿದು ಆಯಿಲ್ ಜೊತೆ ಬೆರೆಯುತ್ತೆ, ಇಲ್ಲಾ ಬಿಸಿ ಇಂಜಿನ್ ಮೇಲೆ ಚೆಲ್ಲುತ್ತೆ. ಮಧ್ಯೆ ಒಂದು ಅಗ್ಗದ ರೆಗ್ಯುಲೇಟರ್ ಹಾಕಿ 30ನ್ನ 3ಕ್ಕೆ ಇಳಿಸೋ ಸಾಹಸ ಬೇಡ, ಲೋ ಪ್ರೆಷರ್ ಪಂಪ್ ಹಾಕಿ, ಗೇಜ್ ಕೂರಿಸಿ ಕಣ್ಣಾರೆ ನೋಡಿ.

ಪಂಪಿನ ವೈರಿಂಗ್ ಬಗ್ಗೆ ಯಾರೂ ಕೇಳಲ್ಲ, ಅದೇ ಅಪಾಯದ ಜಾಗ. ಇಂಜೆಕ್ಷನ್ ಇದ್ದಾಗ ಇಂಜಿನ್ ನಿಂತ್ರೆ ಪಂಪೂ ನಿಲ್ಲೋ ವ್ಯವಸ್ಥೆ ಇತ್ತು, ಡಿ-ಜೆಟ್ರೋನಿಕ್‌ನಲ್ಲಿ ಇಸಿಯು ನಿಲ್ಲಿಸ್ತಿತ್ತು, ಎಲ್-ಜೆಟ್ರೋನಿಕ್‌ನಲ್ಲಿ ಏರ್‌ಫ್ಲೋ ಮೀಟರ್ ಒಳಗಿನ ಕಾಂಟ್ಯಾಕ್ಟ್. ಇಸಿಯು ಕಿತ್ತವರು ಪಂಪ್ ವೈರ್‌ನ ಸೀದಾ ಇಗ್ನಿಷನ್‌ಗೆ ಜೋಡಿಸ್ತಾರೆ. ಆಮೇಲೆ ಗಾಡಿ ಎಲ್ಲಾದ್ರೂ ಗುದ್ದಿ, ಇಂಜಿನ್ ನಿಂತು, ಕೀ ಆನ್ ಇದ್ರೆ, ಒಡೆದ ಪೈಪಿಂದ ಪೆಟ್ರೋಲ್ ಸುರೀತಾನೇ ಇರುತ್ತೆ. ಆಯಿಲ್ ಪ್ರೆಷರ್ ಸ್ವಿಚ್ ಜೊತೆ ರಿಲೇ, ಇಲ್ಲಾ ಗುದ್ದಿದ್ರೆ ಕಟ್ ಆಗೋ ಇನರ್ಷಿಯಾ ಸ್ವಿಚ್, ಎರಡರಲ್ಲಿ ಒಂದು ಇಲ್ದೆ ಗಾಡಿ ನಾನು ಹೊರಗೆ ಬಿಡಲ್ಲ.

ಜೆಟ್ ವಿಷಯ, ಅಂದ್ರೆ ಪೆಟ್ರೋಲ್ ಅಳೆದು ಬಿಡೋ ಸಣ್ಣ ರಂಧ್ರ. ಎಲ್ಲರಿಗೂ ದೊಡ್ಡ ವೆಂಚುರಿ (ಗಾಳಿ ಹೋಗೋ ಕಿರಿದಾದ ಕೊರಳು) ಬೇಕು. ದೊಡ್ಡದಾದ್ರೆ ಕಮ್ಮಿ ಆರ್‌ಪಿಎಂನಲ್ಲಿ ಗಾಳಿಯ ವೇಗ ಬೀಳುತ್ತೆ, ಪೆಟ್ರೋಲ್ ಸರಿಯಾಗಿ ಎಳ್ಕೊಳ್ಳಲ್ಲ, ಪಿಕಪ್ ಸಾಯುತ್ತೆ. ರೋಡಲ್ಲಿ ಓಡೋ 2 ಲೀಟರ್ 914ಕ್ಕೆ ವೆಬರ್ 40 ಐಡಿಎಫ್ ಕಾರ್ಬೊರೇಟರ್ ಜೊತೆ 28 ಎಂಎಂ ವೆಂಚುರಿ ಇಂದ ಶುರು ಮಾಡೋದು ಒಳ್ಳೇದು. ಹಳಬರ ಲೆಕ್ಕ ಒಂದಿದೆ, ವೆಂಚುರಿಯನ್ನ ನಾಲ್ಕರಿಂದ ಗುಣಿಸಿದ್ರೆ ಮೇನ್ ಜೆಟ್ ಹತ್ತಿರ ಬರುತ್ತೆ: 28ಕ್ಕೆ 112, ಅಂದ್ರೆ 115ರ ಜೆಟ್, ರಂಧ್ರ 1.15 ಎಂಎಂ. ಏರ್ ಕರೆಕ್ಟರ್ (ಗಾಳಿ ಬೆರೆಸೋ ಜೆಟ್) ಅದಕ್ಕಿಂತ 50-60 ಜಾಸ್ತಿ. ಇದು ಶುರುವಿಗೆ ಮಾತ್ರ, ಮುಂದಿನದ್ದನ್ನ ವೈಡ್‌ಬ್ಯಾಂಡ್ ಮೀಟರ್ (ಎಕ್ಸಾಸ್ಟ್ ನೋಡಿ ಪೆಟ್ರೋಲ್‌ಗೆ ಎಷ್ಟು ಪಟ್ಟು ಗಾಳಿ ಅಂತ ತೋರಿಸೋದು) ಹೇಳ್ಬೇಕು, ಫುಲ್ ಥ್ರಾಟಲ್‌ನಲ್ಲಿ 12.5ರಿಂದ 13ರ ಒಳಗೆ ತೋರಿಸಿದ್ರೆ ಬಿಟ್ಬಿಡಿ.

ಆದ್ರೆ ಜನ ಎಡವೋದು ಮೇನ್ ಜೆಟ್‌ನಲ್ಲಲ್ಲ. ಸುಮಾರು 2,500-3,000 ಆರ್‌ಪಿಎಂ ತನಕ, ಥ್ರಾಟಲ್ ಹಗುರವಾಗಿ ಒತ್ತಿದಾಗ, ಇಂಜಿನ್ ಓಡೋದೇ ಐಡಲ್ ಜೆಟ್ ಮತ್ತೆ ಪ್ರೊಗ್ರೆಷನ್ ರಂಧ್ರಗಳ (ಥ್ರಾಟಲ್ ತೆರೆಯೋಕೆ ಶುರುವಾದಾಗ ಪೆಟ್ರೋಲ್ ಬಿಡೋವು) ಮೇಲೆ, ಅಂದ್ರೆ ದಿನದ ಓಡಾಟದ ಬಹುಪಾಲು. ಒಂದೇ ಸ್ಪೀಡಲ್ಲಿ ಹೋಗುವಾಗ ಗಾಡಿ ಎಳೆದೂ ಬಿಟ್ಟೂ ಮಾಡಿದ್ರೆ, ಕಾರ್ಬೊರೇಟರ್ ಬಾಯಿಂದ ಪಟ್ ಪಟ್ ಅಂದ್ರೆ, ಐಡಲ್ ಜೆಟ್ ಒಂದು ಸೈಜ್ ಮೇಲೆ ಹೋಗಿ. ಅದಕ್ಕೂ ಮುಂಚೆ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ಕೂದಲಿನಷ್ಟು ಕಸ ಸಾಕು.

ಪ್ಲಗ್‌ಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಕೂಡ ಮರೀಬೇಡಿ. ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಬ್ಯಾರೆಲ್ ಇದ್ದಾಗ ವ್ಯಾಕ್ಯೂಮ್ ಅಡ್ವಾನ್ಸ್‌ಗೆ (ವ್ಯಾಕ್ಯೂಮ್ ನೋಡ್ಕೊಂಡು ಕಿಡಿಯನ್ನ ಮುಂಚೆ ಹಾರಿಸೋದು) ನೆಟ್ಟಗಿನ ಸಿಗ್ನಲ್ ಸಿಗಲ್ಲ, ಮೆಕ್ಯಾನಿಕಲ್ ಅಡ್ವಾನ್ಸ್ ಮೇಲೇ ಎಲ್ಲ ನಡೀಬೇಕು, ಟೈಮಿಂಗ್ ಹೊಸದಾಗಿ ಹೊಂದಿಸ್ಬೇಕು. ಬ್ರೇಕ್ ಬೂಸ್ಟರ್ ಇದ್ರೆ ಅದಕ್ಕೂ ವ್ಯಾಕ್ಯೂಮ್ ಎಲ್ಲಿಂದ ಅಂತ ಮೊದಲೇ ಯೋಚಿಸಿ. ಎಮಿಷನ್ ನಿಯಮ ನಿಮ್ಮ ಕಡೆ ಬಿಡುತ್ತಾ ಅನ್ನೋದನ್ನ ಸ್ಪ್ಯಾನರ್ ಎತ್ತೋಕೆ ಮುಂಚೆ ವಿಚಾರಿಸಿ, ಆಮೇಲಲ್ಲ.

ಬಿಚ್ಚಿದ ಇಂಜೆಕ್ಷನ್ ಸಾಮಾನು ಗುಜರಿಗೆ ಹಾಕ್ಬೇಡಿ. ಒರಿಜಿನಲ್ ಸೆಟ್ ಹುಡುಕ್ಕೊಂಡು ಬರೋರು ಈಗ ಜಾಸ್ತಿ ಆಗಿದ್ದಾರೆ, ಗಾಡಿ ಮಾರುವಾಗ ಆ ಡಬ್ಬ ಜೊತೆಗಿದ್ರೆ ಮಾತುಕತೆನೇ ಬೇರೆ. ವೈರಿಂಗ್ ಹಾರ್ನೆಸ್ ಕತ್ತರಿಸದೆ ಪೂರ್ತಿ ಬಿಚ್ಚಿ, ಒಂದೊಂದು ಕನೆಕ್ಟರ್‌ಗೂ ಚೀಟಿ ಕಟ್ಟಿ, ಇಂಜೆಕ್ಟರ್ ಬಾಯಿ ಮುಚ್ಚಿ, ಪ್ರೆಷರ್ ಸೆನ್ಸರ್‌ನ ಮಾತ್ರ ಬಟ್ಟೆ ಸುತ್ತಿ ಬೇರೆ ಇಡಿ, ಬೀಳಿಸಿದ್ರೆ ಅದು ಮತ್ತೆ ಬಳಕೆಗೆ ಬರಲ್ಲ.