ದೈತ್ಯ ಕೋಳಿಗಳ ನಿಧಾನ ಬಾಲ್ಯ

ಬ್ರಹ್ಮ ತಳಿಯ ಹುಂಜವನ್ನು ಮೊದಲ ಬಾರಿ ಎದುರಿಗೆ ಕಂಡವರು ಎರಡು ಹೆಜ್ಜೆ ಹಿಂದೆ ಸರಿಯುವುದುಂಟು. ತೂಕ 5 ಕಿಲೋ ಮುಟ್ಟಿರುತ್ತದೆ. ಹುಬ್ಬಿನ ಭಾಗ ಮುಂದಕ್ಕೆ ಚಾಚಿಕೊಂಡಿರುವುದರಿಂದ ಮುಖದಲ್ಲಿ ಸದಾ ಸಿಡುಕು. ಕಾಲ್ಬೆರಳಿನವರೆಗೂ ಇಳಿಬಿದ್ದ ಗರಿ. ಇಷ್ಟೆಲ್ಲ ಆರ್ಭಟವಿದ್ದರೂ ಎತ್ತಿಕೊಂಡರೆ ತೋಳಿನ ಮೇಲೆ ಸುಮ್ಮನೆ ಕುಳಿತುಬಿಡುತ್ತದೆ. ಕೊಚ್ಚಿನ್, ಆರ್ಪಿಂಗ್ಟನ್, ಜೆರ್ಸಿ ಜೈಂಟ್ ತಳಿಗಳದ್ದೂ ಹೆಚ್ಚುಕಡಿಮೆ ಇದೇ ಸ್ವಭಾವ. ಒಂದು ಕಿಲೋ ತೂಗದ ಬ್ಯಾಂಟಮ್ ಹುಂಜಗಳೇ ಎಷ್ಟೋ ಸಲ ಇವಕ್ಕಿಂತ ದೊಡ್ಡ ಜಗಳಗಂಟರು.

ಗಾತ್ರಕ್ಕೂ ಸಾಧುತನಕ್ಕೂ ನಂಟಿದೆಯೇ? ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಪೆರ್ ಯೆನ್ಸೆನ್ ಮತ್ತು ಸಂಗಡಿಗರು ಸಾಕುಕೋಳಿಯ ಮೂಲಪುರುಷನಾದ ಕೆಂಪು ಕಾಡುಕೋಳಿಯನ್ನೇ ತಂದು ಒಂದು ಪ್ರಯೋಗ ನಡೆಸಿದರು. ಮನುಷ್ಯ ಹತ್ತಿರ ಬಂದಾಗ ಕಡಿಮೆ ಹೆದರುವ ಕೋಳಿಗಳನ್ನು ಅಂಥವುಗಳ ಜೊತೆಗೇ ಕೂಡಿಸಿದರು, ಬಹಳ ಹೆದರುವವನ್ನು ಹೆದರುವವುಗಳ ಜೊತೆಗೆ. ಆಯ್ಕೆಗೆ ಅಂಜಿಕೆಯೊಂದೇ ಅಳತೆ. ತೂಕವನ್ನು ಯಾರೂ ಗಣನೆಗೆ ತೆಗೆದುಕೊಂಡಿರಲಿಲ್ಲ. ಆದರೂ ಕೆಲವೇ ತಲೆಮಾರುಗಳಲ್ಲಿ ಅಂಜದ ಕೋಳಿಗಳ ಮೈ ದೊಡ್ಡದಾಯಿತು, ಮೊಟ್ಟೆಯೂ ದೊಡ್ಡದಾಯಿತು, ಮೈಗೆ ಹೋಲಿಸಿದರೆ ಮಿದುಳು ಮಾತ್ರ ಚಿಕ್ಕದಾಯಿತು. ಅಂಜಿಕೆ ಕಳೆದುಕೊಳ್ಳುವ ಹಾದಿಯಲ್ಲೇ ಮೈ ಬೆಳೆಯುವುದೂ ಸೇರಿಕೊಂಡಿದೆ ಎನ್ನಲು ಇದು ಸಾಕಷ್ಟು ಬಲವಾದ ಸುಳಿವು. ಹಾಗೆಂದು ಬ್ರಹ್ಮ ತಳಿಯ ಗಾತ್ರವೆಲ್ಲ ಹೀಗೆ ತಾನಾಗಿ ಬಂದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಚೀನಾದ ಶಾಂಘೈ ಬಂದರಿನಿಂದ ಅಮೆರಿಕಕ್ಕೆ ಭಾರಿ ಕೋಳಿಗಳು ಬಂದಿಳಿದಾಗ ಅಲ್ಲಿಯೂ ಇಂಗ್ಲೆಂಡಿನಲ್ಲಿಯೂ ಜನರಿಗೆ ಕೋಳಿಯ ಹುಚ್ಚೇ ಹಿಡಿಯಿತು. 1852ರಲ್ಲಿ ಜಾರ್ಜ್ ಬರ್ನ್‌ಹ್ಯಾಮ್ ಎಂಬ ಅಮೆರಿಕದ ವ್ಯಾಪಾರಿ ಇಂಥ ಕೋಳಿಗಳನ್ನು ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಕಳಿಸಿ, ಅದರ ಪ್ರಚಾರದಿಂದಲೇ ಒಳ್ಳೆಯ ಬೆಲೆ ಕುದುರಿಸಿಕೊಂಡ. ಬೆಲೆ ಏರಿದಷ್ಟೂ ಸಾಕುವವರು ದೊಡ್ಡ ಕೋಳಿಗಳನ್ನೇ ಆರಿಸುತ್ತಾ ಹೋದರು.

ಈ ಆಸೆಗೆ ಕೋಳಿಯ ಮೈ ಎಷ್ಟು ತೆರುತ್ತದೆ ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಕಾಡುಕೋಳಿಯ ಹುಂಜ ಸುಮಾರು 1 ಕಿಲೋ. ಆಕಾರ ಬದಲಿಸದೆ ಅದನ್ನು 5 ಕಿಲೋಗೆ ಹಿಗ್ಗಿಸಿದರೆ ಉದ್ದ ಸುಮಾರು 1.7 ಪಟ್ಟು ಆಗುತ್ತದೆ. ಕಾಲಿನ ಮೂಳೆಯ ಅಡ್ಡಕೊಯ್ತ ಮತ್ತು ಚರ್ಮದ ಹರವು ಉದ್ದದ ವರ್ಗದಂತೆ ಏರುತ್ತವೆ, ಅಂದರೆ 3 ಪಟ್ಟಿಗೂ ತುಸು ಕಡಿಮೆ. ಭಾರ 5 ಪಟ್ಟು, ಹೊರುವ ಮೂಳೆ 3 ಪಟ್ಟು. ಒಳಗಿನ ಶಾಖ ಹುಟ್ಟಿಸುವ ಮೈ 5 ಪಟ್ಟು, ಅದನ್ನು ಹೊರಹಾಕುವ ಚರ್ಮ 3 ಪಟ್ಟು. ದೊಡ್ಡ ಪ್ರಾಣಿಯ ಮೂಳೆ ದಪ್ಪವಾಗಿಯೇ ಇರಬೇಕು ಎಂದು ಗೆಲಿಲಿಯೋ 1638ರಲ್ಲೇ ವಿವರಿಸಿದ್ದ. ದೊಡ್ಡ ತಳಿಯ ಮರಿಗಳನ್ನು ಸಾಕುವಾಗ ಎದುರಾಗುವ ತೊಂದರೆಗಳಲ್ಲಿ ಹಲವು ಈ 5 ಮತ್ತು 3ರ ನಡುವಿನ ಅಂತರದಲ್ಲೇ ಅಡಗಿವೆ.

ಇದರಲ್ಲೊಂದು ವಿಚಿತ್ರವಿದೆ. ದೊಡ್ಡದಾದ ಮೇಲೆ ಸೆಕೆಗೆ ಬಸವಳಿಯುವ ಈ ಕೋಳಿಗಳೇ ಮರಿಯಾಗಿದ್ದಾಗ ಚಳಿಗೆ ನಡುಗುತ್ತವೆ. 21 ದಿನಗಳ ಕಾವಿನ ನಂತರ ಹೊರಬರುವ ಮರಿಗೆ ಮೊದಲ ಎರಡು-ಮೂರು ದಿನಗಳ ಬುತ್ತಿ ಹೊಟ್ಟೆಯೊಳಗೆ ಸೆಳೆದುಕೊಂಡ ಹಳದಿ ಲೋಳೆಯಲ್ಲೇ ಇರುತ್ತದೆ. ಮೈಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಮಾತ್ರ ಇರುವುದಿಲ್ಲ. ತಾಯಿ ಇಲ್ಲದಿದ್ದರೆ ಮೊದಲ ವಾರ ಬ್ರೂಡರಿನಲ್ಲಿ, ಅಂದರೆ ದೀಪದ ಶಾಖದಿಂದ ಮರಿಗಳನ್ನು ಬೆಚ್ಚಗಿಡುವ ಗೂಡಿನಲ್ಲಿ, 32ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು; ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಥರ್ಮಾಮೀಟರಿಗಿಂತ ಮರಿಗಳ ನಡವಳಿಕೆಯೇ ನಂಬಿಕಸ್ಥ ಎಂದು ನನ್ನ ಅಭಿಪ್ರಾಯ. ದೀಪದ ಕೆಳಗೆ ಒಂದರ ಮೇಲೊಂದು ಮುದ್ದೆಯಾಗಿ ಚೀರುತ್ತಿದ್ದರೆ ಚಳಿ. ಮೂಲೆ ಹಿಡಿದು ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ. ಅಲ್ಲಲ್ಲಿ ಹರಡಿಕೊಂಡು ಮೆಲ್ಲಗೆ ಗುನುಗುತ್ತಿದ್ದರೆ ಎಲ್ಲವೂ ಸರಿ. ಹಗುರ ತಳಿಗಳ ಅನುಭವವಿದ್ದವರು ಇಲ್ಲಿ ಆತುರಪಡುತ್ತಾರೆ. ಏಷ್ಯಾ ಮೂಲದ ಭಾರಿ ತಳಿಗಳಲ್ಲಿ ಪುಕ್ಕ ತಡವಾಗಿ ಮೂಡಿಸುವ ಜೀನ್ ಸಾಮಾನ್ಯ. ಅದು ಲಿಂಗ ನಿರ್ಧರಿಸುವ ಜೆಡ್ ವರ್ಣತಂತುವಿನಲ್ಲಿದೆ. ಹಗುರ ತಳಿಯ ಮರಿ ರೆಕ್ಕೆ ಬಿಚ್ಚಿ ಹಾರಲು ಹವಣಿಸುವ ವಯಸ್ಸಿನಲ್ಲಿ ಕೊಚ್ಚಿನ್ ಮರಿಯ ಬೆನ್ನು ಇನ್ನೂ ಬರೀ ತುಪ್ಪುಳ. ಆದ್ದರಿಂದ ದೀಪ ತೆಗೆಯುವ ದಿನವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡಬಾರದು, ಬೆನ್ನಿನ ಪುಕ್ಕ ನೋಡಿ ಗೊತ್ತುಮಾಡಬೇಕು.

ಸಾಧು ತಳಿಯಾದರೂ ಸಾಧುತನ ಪೂರ್ತಿಯಾಗಿ ರಕ್ತದಲ್ಲೇ ಬರುವುದಿಲ್ಲ. ಡಗ್ಲಾಸ್ ಸ್ಪಾಲ್ಡಿಂಗ್ ಎಂಬ ಇಂಗ್ಲೆಂಡಿನ ನಿಸರ್ಗ ವೀಕ್ಷಕ 1873ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಸೊಗಸಾದ ಪುರಾವೆಯಿದೆ. ಮೊಟ್ಟೆಯೊಡೆದು ಬಂದ ಮರಿಗಳ ಕಣ್ಣು ಮುಚ್ಚುವಂತೆ ಆತ ಪುಟ್ಟ ಟೋಪಿ ಹಾಕುತ್ತಿದ್ದ. ಬೇಗ ಟೋಪಿ ತೆಗೆದ ಮರಿಗಳು ಅವನ ಹಿಂದೆಯೇ ಓಡಿಬಂದವು. ಸುಮಾರು ನಾಲ್ಕು ದಿನ ಕಣ್ಣು ಮುಚ್ಚಿಟ್ಟಿದ್ದ ಮರಿಗಳು ಅವನನ್ನು ಕಂಡದ್ದೇ ಭಯದಿಂದ ದಿಕ್ಕೆಟ್ಟು ಓಡಿದವು. ಹೊಸದನ್ನು ನಂಬುವ ಬಾಗಿಲು ಅಷ್ಟು ಬೇಗ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಮೊದಲ ದಿನಗಳಲ್ಲೇ ಮರಿಗಳ ಜೊತೆ ಮಾತನಾಡಬೇಕು, ಅಂಗೈಯಲ್ಲಿ ಕಾಳಿಟ್ಟು ಕೂರಬೇಕು. ಕೈಯನ್ನು ಮೇಲಿನಿಂದ ಇಳಿಸಬಾರದು, ಪಕ್ಕದಿಂದ ನೀಡಬೇಕು. ಮೇಲಿನಿಂದ ಬರುವ ನೆರಳೆಂದರೆ ಕೋಳಿಯ ಪಾಲಿಗೆ ಹದ್ದು.

ಈಗ ಕಾಲಿನ ಸಂಗತಿ. ದೊಡ್ಡ ತಳಿಯ ಮರಿ ಮೊದಲು ಎಲುಬಿನ ಚೌಕಟ್ಟು ಕಟ್ಟಿಕೊಳ್ಳುತ್ತದೆ, ಮಾಂಸ ತುಂಬುವುದು ಆಮೇಲೆ. ಮೂರು-ನಾಲ್ಕು ತಿಂಗಳಿನ ಮರಿ ಉದ್ದ ಕಾಲು, ತೆಳ್ಳನೆಯ ಎದೆಯೊಂದಿಗೆ ಯಾವ ಚೆಂದವೂ ಇಲ್ಲದಂತೆ ಕಾಣುತ್ತದೆ. ಇದನ್ನು ನೋಡಿ ಬಡಕಲಾಯಿತೆಂದು ಕೊಬ್ಬಿಸಲು ಹೊರಡುವುದು ಸಾಕುವವರ ಅತಿ ದೊಡ್ಡ ತಪ್ಪು. ಮೂಳೆ ಗಟ್ಟಿಯಾಗುವ ಮೊದಲೇ ಭಾರ ಏರಿದರೆ ಕಾಲು ಸೊಟ್ಟಗಾಗುತ್ತದೆ, ಕೀಲು ನೋಯುತ್ತದೆ. ಮಾಂಸಕ್ಕಾಗಿ ಬೆಳೆಸುವ ಬ್ರಾಯ್ಲರುಗಳು ಆರು ವಾರದಲ್ಲಿ ಕುಂಟುವುದಕ್ಕೂ ಇದೇ ಕಾರಣ. ಎಳೆಯ ಮರಿಗೆ ಸುಮಾರು ಶೇಕಡ 18ರಿಂದ 20 ಪ್ರೋಟೀನ್ ಇರುವ ಆಹಾರ, ಆಮೇಲೆ ಬೆಳೆಯುವ ಕೋಳಿಗಳ ಆಹಾರ, ಕೆದಕಿ ಓಡಾಡಲು ಜಾಗ, ಇಷ್ಟು ಸಾಕು. ಬೇರೆ ಕಾಳನ್ನು ಯಥೇಚ್ಛ ಸುರಿಯುವ ಅಗತ್ಯವಿಲ್ಲ.

ಮೂಳೆಗೆ ಬಲ ಬರಲೆಂದು ಮೊಟ್ಟೆ ಕೋಳಿಗಳ ಆಹಾರ ಹಾಕುವವರೂ ಇದ್ದಾರೆ. ಅದರಲ್ಲಿ ಶೇಕಡ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ; ಮೊಟ್ಟೆಯ ಚಿಪ್ಪು ಕಟ್ಟಲು ಅಷ್ಟು ಬೇಕು. ಬೆಳೆಯುವ ಮರಿಗೆ ಸಾಕಾಗುವುದು ಶೇಕಡ 1ರ ಆಸುಪಾಸು. ಉಳಿದದ್ದನ್ನು ಹೊರಹಾಕುವ ಹೊರೆ ಮೂತ್ರಪಿಂಡದ ಮೇಲೆ ಬಿದ್ದು ಅದು ಹಾಳಾಗುತ್ತದೆ, ಯೂರಿಕ್ ಆಮ್ಲ ಒಳಾಂಗಗಳ ಮೇಲೆ ಸುಣ್ಣದಂತೆ ಕೂರುತ್ತದೆ. ದೊಡ್ಡ ತಳಿಗಳು ಮೊಟ್ಟೆಗೆ ಬರುವುದೇ ತಡವಾದ್ದರಿಂದ ಈ ತಪ್ಪು ನಡೆಯುವ ಅವಧಿಯೂ ಇಲ್ಲಿ ಉದ್ದ.

ರಾತ್ರಿ ಕೂರುವ ಅಡ್ಡಪಟ್ಟಿಯನ್ನು ಅರ್ಧ ಮೀಟರಿಗಿಂತ ಎತ್ತರದಲ್ಲಿ ಕಟ್ಟಬಾರದು, ಅದು ಅಗಲವಾಗಿಯೂ ಇರಬೇಕು. ಹತ್ತುವುದೇನೋ ಹೇಗೋ ಹತ್ತುತ್ತವೆ, ಪೆಟ್ಟಾಗುವುದು ಇಳಿಯುವಾಗ. ಐದು ಕಿಲೋ ಭಾರ ಗಟ್ಟಿ ನೆಲಕ್ಕೆ ಧೊಪ್ಪನೆ ಬಿದ್ದರೆ ಅಂಗಾಲು ಜಜ್ಜುತ್ತದೆ, ಗಾಯದೊಳಗೆ ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾ ಹೊಕ್ಕು ಕೀವು ಗಂಟಾಗುತ್ತದೆ.

ಕಾಲಿನ ಗರಿಯದ್ದು ಬೇರೆಯೇ ಕತೆ. ರೆಕ್ಕೆಯ ಬೆಳವಣಿಗೆಯನ್ನು ನಿರ್ದೇಶಿಸುವ ಟಿಬಿಎಕ್ಸ್5 ಎಂಬ ಜೀನ್ ಸಾಮಾನ್ಯವಾಗಿ ಕಾಲಿನಲ್ಲಿ ಮೌನವಾಗಿರುತ್ತದೆ. ಗರಿಗಾಲಿನ ಕೋಳಿಗಳಲ್ಲಿ ಅದು ಅಲ್ಲಿಯೂ ಕೆಲಸ ಮಾಡುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಒಂದರ್ಥದಲ್ಲಿ ಇವುಗಳ ಕಾಲು ಕೊಂಚ ರೆಕ್ಕೆಯಾಗಲು ಹೊರಟಿದೆ! ನೋಡಲು ಚೆಂದ, ನಿರ್ವಹಣೆಗೆ ತಲೆನೋವು. ಕೆಸರು, ಹಿಕ್ಕೆ ಎಲ್ಲವನ್ನೂ ಈ ಗರಿಗಳು ಗೂಡಿಗೆ ಹೊತ್ತು ತರುತ್ತವೆ. ಕಾಲಿನ ಹುರುಪೆಯ ಕೆಳಗೆ ಬಿಲ ತೋಡುವ ನುಸಿಗಳು ಗರಿಯ ಮರೆಯಲ್ಲಿ ಬಹುಕಾಲ ಕಣ್ಣಿಗೆ ಬೀಳುವುದಿಲ್ಲ. ಒದ್ದೆ ನೆಲಹಾಸಿನಲ್ಲಿ ಇನ್ನೊಂದು ಅಪಾಯವಿದೆ. ರಕ್ತಭೇದಿ ತರುವ ಐಮೀರಿಯಾ ಪರಾವಲಂಬಿಯ ಬೀಜಕೋಶಗಳು ಹಿಕ್ಕೆಯಲ್ಲಿ ಹೊರಬಿದ್ದು, ತೇವವೂ ಬೆಚ್ಚಗಿನ ವಾತಾವರಣವೂ ಸಿಕ್ಕರೆ ಒಂದೆರಡು ದಿನಗಳಲ್ಲಿ ಸೋಂಕು ಹರಡಲು ಸಜ್ಜಾಗುತ್ತವೆ. ಹಾಸು ಒಣಗಿರುವಂತೆ ನೋಡಿಕೊಂಡರೆ ಗರಿಗೆ ಕೊಳೆ ಮೆತ್ತುವುದೂ ಈ ಸೋಂಕೂ ತಗ್ಗುತ್ತವೆ.

ಕೋಳಿಗಳ ನಡುವೆ ಮೇಲುಕೀಳಿನ ಕ್ರಮವಿದೆ ಎಂದು 1920ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವನು ನಾರ್ವೆಯ ಥೋರ್ಲೈಫ್ ಶೆಲ್ಡರಪ್ ಎಬ್ಬೆ. ಯಾರು ಯಾರನ್ನು ಕುಕ್ಕಬಹುದು ಎಂಬುದು ಮರಿಗಳಲ್ಲಿ ಎರಡನೆಯ ತಿಂಗಳ ಸುಮಾರಿಗೆ ಇತ್ಯರ್ಥವಾಗತೊಡಗುತ್ತದೆ. ಬೇರೆ ತಳಿಗಳ ಜೊತೆ ಬೆರೆಸಿದಾಗ ದೈತ್ಯರೇ ಮೇಲುಗೈ ಸಾಧಿಸುತ್ತಾರೆಂದು ಊಹಿಸಬೇಡಿ. ಚುರುಕಿನ ಸಣ್ಣ ಹೇಂಟೆಯೊಂದು ತನ್ನ ಮೂರು ಪಟ್ಟು ತೂಗುವ ಎಳೆಯ ಬ್ರಹ್ಮವನ್ನು ಮೇವಿನ ತೊಟ್ಟಿಯಿಂದ ದಿನವಿಡೀ ಓಡಿಸಬಲ್ಲದು. ದೂರ ದೂರ ಎರಡು ತೊಟ್ಟಿ ಇಟ್ಟರೆ ಈ ದಬ್ಬಾಳಿಕೆಗೆ ಅರ್ಧ ಕಡಿವಾಣ ಬೀಳುತ್ತದೆ.

ಸೆಕೆಯೇ ನಿಜವಾದ ಶತ್ರು. ಕೋಳಿಯ ಮೈಶಾಖ 41 ಡಿಗ್ರಿಗೂ ಮೇಲೆ, ಬೆವರಿನ ಗ್ರಂಥಿಗಳಿಲ್ಲ. ಶಾಖ ಬಿಡುವುದು ತೇಕುವುದರಿಂದ ಮತ್ತು ಜುಟ್ಟು, ಗಲ್ಲದ ತೊಗಲಿನಂಥ ಗರಿಯಿಲ್ಲದ ಭಾಗಗಳಿಂದ. ಬ್ರಹ್ಮ ತಳಿಗೆ ಇರುವುದೋ ನೆತ್ತಿಗಂಟಿದ ಪುಟ್ಟ ಬಟಾಣಿ ಜುಟ್ಟು. ಗುಣಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಗಿನ ಮೆಂಡೆಲನ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಇಂಥ ಜುಟ್ಟುಗಳಿಂದಲೇ. ಹಿಮಗಾಳಿಯಲ್ಲಿ ಈ ಜುಟ್ಟು ಮರಗಟ್ಟದು, ಅದು ವರ. ಬಿಸಿಲಿನಲ್ಲಿ ಇದೇ ಕೊರತೆ. ನೆರಳು, ತಂಪು ನೀರು, ಗಾಳಿಯಾಡುವ ಗೂಡು ಇವುಗಳಲ್ಲಿ ರಾಜಿ ಸಲ್ಲದು.

ಹಗುರ ತಳಿಗಳು ಐದನೆಯ ತಿಂಗಳಿಗೇ ಮೊಟ್ಟೆಗೆ ಬಂದರೆ, ಇವು ಏಳೆಂಟು ತಿಂಗಳು ಕಾಯಿಸುತ್ತವೆ. ಮೈ ಪೂರ್ತಿ ತುಂಬಲು ಇನ್ನೂ ಒಂದು ವರ್ಷ ಹಿಡಿಯಬಹುದು. ಮೊದಲ ಮೊಟ್ಟೆ ಕಂಡ ಮೇಲೆಯೇ ಕ್ಯಾಲ್ಸಿಯಂ ಹೆಚ್ಚಿಸಬೇಕು. ಹುಂಜಗಳೂ ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೇಂಟೆಗಳೂ ಒಂದೇ ಗೂಡಿನಲ್ಲಿದ್ದರೆ ಎಲ್ಲಕ್ಕೂ ಬೆಳೆಯುವ ಕೋಳಿಗಳ ಆಹಾರವನ್ನೇ ಮುಂದುವರಿಸಿ, ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಿನಲ್ಲಿ ಇಡುವುದು ಮೇಲು. ಮೊಟ್ಟೆಯಿಡುವ ಹೇಂಟೆ ಅದನ್ನು ತಾನೇ ಹುಡುಕಿ ತಿನ್ನುತ್ತದೆ. ಬೇಡದವು ಸಾಮಾನ್ಯವಾಗಿ ಅತ್ತ ಸುಳಿಯುವುದಿಲ್ಲ.