ಮರಳೇ ರಾಮೇಶ್ವರದ ಕೆರೆ

ಅಂತರ್ಜಲದ ಕೆಲಸ ಮಾಡುವ ನನಗೆ, ರಾಮೇಶ್ವರ ಯಾತ್ರೆ ಮುಗಿಸಿ ಬಂದ ನೆಂಟರಿಷ್ಟರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಸುತ್ತಲೂ ಸಮುದ್ರ. ಆದರೂ ಗುಡಿಯೊಳಗಿನ ಬಾವಿಗಳ ನೀರು ಸಮುದ್ರದ ಹಾಗೆ ಉಪ್ಪಾಗಿಲ್ಲವಲ್ಲ, ಹೇಗೆ?" ರಾಮನಾಥಸ್ವಾಮಿ ದೇವಸ್ಥಾನದೊಳಗೆ 22 ತೀರ್ಥಗಳಿವೆ. ಅಗ್ನಿತೀರ್ಥ ಎನ್ನುವ ಕಡಲಿನಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲೇ ಬಾವಿಯಿಂದ ಬಾವಿಗೆ ನಡೆದು, ಒಂದೊಂದು ಬಕೆಟ್ ನೀರಿಗೂ ತಲೆಯೊಡ್ಡಿದವರಿಗೆ ಈ ಪ್ರಶ್ನೆ ಏಳುವುದು ಸಹಜ.

ರಾಮೇಶ್ವರ ಇರುವುದು ಪಾಂಬನ್ ದ್ವೀಪದ ಮೇಲೆ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ಉತ್ತರದ್ದು ಶಾಂತ, ದಕ್ಷಿಣದ್ದು ಒರಟು. ಅಲ್ಲಿಯ ಮೀನುಗಾರರು ಒಂದನ್ನು ಹೆಣ್ಣು ಕಡಲು, ಇನ್ನೊಂದನ್ನು ಗಂಡು ಕಡಲು ಎನ್ನುತ್ತಾರೆ. ಈ ಎರಡರ ನಡುವೆ ಹವಳದ ಕಲ್ಲು ಮತ್ತು ಮರಳಿನಿಂದಾದ ತಗ್ಗು ನೆಲ ಇದು. ಬೆಟ್ಟವಿಲ್ಲ, ನದಿಯಿಲ್ಲ. ಗಂಧಮಾದನ ಪರ್ವತ ಎಂದು ಕರೆಯುವ ಅತಿ ಎತ್ತರದ ಜಾಗವೂ ನಮ್ಮ ಮಲೆನಾಡಿನವರ ಕಣ್ಣಿಗೆ ಒಂದು ದಿಬ್ಬ ಅಷ್ಟೆ.

ನದಿಯಿಲ್ಲದ ಊರಿಗೆ ನೀರು ಎಲ್ಲಿಂದ? ಮಳೆಯಿಂದ. ಅಕ್ಟೋಬರಿನಿಂದ ಡಿಸೆಂಬರ್ ತನಕ ಸುರಿಯುವ ಹಿಂಗಾರು ಮಳೆಯೇ ಇಲ್ಲಿ ಮುಖ್ಯ. ಆ ನೀರು ಮರಳಿನಲ್ಲಿ ಬೇಗ ಇಂಗುತ್ತದೆ. ಕೆಳಗೆ ಉಪ್ಪುನೀರು ಕೂತಿರುತ್ತದೆ. ಮಳೆನೀರು ಅದಕ್ಕಿಂತ ಹಗುರ. ಸಮುದ್ರದ ನೀರು ಲೀಟರಿಗೆ ಸುಮಾರು 25 ಗ್ರಾಂ ಹೆಚ್ಚು ತೂಗುತ್ತದೆ. ಮರಳಿನ ಕಣಗಳ ಸಂದಿಯಲ್ಲಿ ಎರಡೂ ನಿಧಾನವಾಗಿ ಚಲಿಸುವುದರಿಂದ ಸುಲಭಕ್ಕೆ ಬೆರೆಯುವುದಿಲ್ಲ. ಹೀಗಾಗಿ ಸಿಹಿನೀರು ಉಪ್ಪುನೀರಿನ ಮೇಲೆ, ನಡುವೆ ದಪ್ಪ ಅಂಚಿನಲ್ಲಿ ತೆಳುವಾದ ಮಸೂರದ ಆಕಾರದಲ್ಲಿ ತೇಲುತ್ತದೆ.

120ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹಾಲೆಂಡಿನ ಗೀಬೆನ್ ಮತ್ತು ಜರ್ಮನಿಯ ಹರ್ಜ್‌ಬರ್ಗ್ ಬೇರೆಬೇರೆಯಾಗಿ ಇದರ ಲೆಕ್ಕ ಹಾಕಿದ್ದರು. ಸಮುದ್ರ ಮಟ್ಟಕ್ಕಿಂತ 1 ಮೀಟರ್ ಎತ್ತರದಲ್ಲಿ ಅಂತರ್ಜಲ ನಿಂತಿದ್ದರೆ, ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರಬಹುದು. ಕೇಳಲು ಸೊಗಸಾದ ಲೆಕ್ಕ. ಆದರೆ ಇದನ್ನೇ ತಿರುಗಿಸಿ ನೋಡಿದರೆ ನನಗೆ ಭಯವಾಗುತ್ತದೆ. ಪಂಪು ಹಾಕಿ ಮೇಲಿನ ಮಟ್ಟವನ್ನು ಗೇಣುದ್ದದಷ್ಟು, ಅಂದರೆ 20 ಸೆಂಟಿಮೀಟರ್ ಇಳಿಸಿ ಹಾಗೇ ಬಿಟ್ಟರೆ, ಕೆಳಗಿನ ಉಪ್ಪು ಕಾಲಕ್ರಮೇಣ 8 ಮೀಟರ್ ಮೇಲೇರಬಹುದು. ಉಪ್ಪಾದ ಬಾವಿ ಒಂದೆರಡು ಮಳೆಗಾಲಕ್ಕೆ ಸರಿಹೋಗುತ್ತದೆಂಬ ಭರವಸೆಯೂ ಇಲ್ಲ. ಉಡುಪಿಯ ಕೋಡಿಬೆಂಗ್ರೆಯಂಥ ಮರಳ ಪಟ್ಟಿಯಲ್ಲಿ ಬಾವಿ ತೋಡುವವರಿಗೂ ಇದೇ ನಿಯಮ.

ಆದ್ದರಿಂದ ಇಂಥ ಜಾಗದಲ್ಲಿ ಆಳವಾದ ಬೋರ್‌ವೆಲ್ ಕೊರೆಯುವುದು ತಪ್ಪು. ಅಗಲವಾದ, ಆಳ ಕಡಿಮೆಯ ತೆರೆದ ಬಾವಿಯೇ ಸರಿ. ಹಳಬರಿಗೆ ಇದು ಗೊತ್ತಿತ್ತು. ದ್ವೀಪದ ತುದಿಯಲ್ಲಿರುವ ಧನುಷ್ಕೋಡಿಯ ಮೀನುಗಾರರ ಮನೆಯ ಹೆಂಗಸರು ಮರಳಿನಲ್ಲಿ ಕೈಯಳತೆಯ ಒರತೆ ತೋಡಿ, ಚಿಪ್ಪಿನಲ್ಲೋ ತಂಬಿಗೆಯಲ್ಲೋ ಮೇಲಿನ ನೀರನ್ನಷ್ಟೇ ಗೋರಿಕೊಳ್ಳುತ್ತಾರೆ. ಉಪ್ಪನ್ನು ಕೆಣಕದೆ ಸಿಹಿನೀರು ತೆಗೆಯಲು ಇದಕ್ಕಿಂತ ಒಳ್ಳೆಯ ವಿಧಾನ ನನಗೂ ತಿಳಿಯದು. ತಂಗಚ್ಚಿಮಡಂ ಬಳಿ ಕಡಲೊಳಗೇ ಇರುವ ವಿಲ್ಲೂಂಡಿ ತೀರ್ಥದ ಬಾವಿಯಲ್ಲಿ ಸಿಹಿನೀರು ಸಿಗುತ್ತದೆ. ರಾಮ ಬಿಲ್ಲು ಊರಿದ ಜಾಗ ಅದು ಎಂಬುದು ನಂಬಿಕೆ. ನೆಲದೊಳಗಿನ ನೀರು ದಡ ದಾಟಿ ಸಮುದ್ರಕ್ಕೆ ಒಸರುವ ದಾರಿಯಲ್ಲಿ ಬಾವಿ ಕಟ್ಟಿದ್ದಾರೆ ಎಂದು ನನ್ನ ವಿದ್ಯೆ ಹೇಳುತ್ತದೆ. ಆ ಜಾಗವನ್ನು ಗುರುತಿಸಿದವರ ಕಣ್ಣಿಗೆ ನಾನು ಕೈಮುಗಿಯುತ್ತೇನೆ.

ಈಗ ತಮಿಳುನಾಡು ಸರ್ಕಾರ ತಿರುಚ್ಚಿ ಬಳಿಯಿಂದ ರಾಮನಾಥಪುರ ಜಿಲ್ಲೆಗೆ ಕಾವೇರಿ ನೀರನ್ನು ಕೊಳವೆಯಲ್ಲಿ ತಂದಿದೆ. ಕೊಡಗಿನಲ್ಲಿ ಹುಟ್ಟಿದ ಹೊಳೆ ಅಷ್ಟು ದೂರದವರ ಬಾಯಾರಿಕೆ ತಣಿಸುವುದು ಸಂತೋಷದ ಮಾತೇ. ಆದರೆ "ಕೊಳವೆ ಬಂತಲ್ಲ, ಇನ್ನು ಬಾವಿ ಏಕೆ?" ಎನ್ನುವವರನ್ನು ಕಂಡರೆ ನನಗೆ 1964ರ ಡಿಸೆಂಬರ್ 22ರ ರಾತ್ರಿ ನೆನಪಾಗುತ್ತದೆ. ಅಂದಿನ ಚಂಡಮಾರುತ ಧನುಷ್ಕೋಡಿಯನ್ನು ಅಳಿಸಿತು, ನೂರಕ್ಕೂ ಹೆಚ್ಚು ಜನರಿದ್ದ ರೈಲನ್ನು ನುಂಗಿತು. 1914ರಿಂದ ನಿಂತಿದ್ದ ಪಾಂಬನ್ ಸೇತುವೆಯ ಗರ್ಡರುಗಳನ್ನೂ ಕಿತ್ತೊಯ್ದಿತು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದ ಇ. ಶ್ರೀಧರನ್ 46 ದಿನಗಳಲ್ಲಿ ಅದನ್ನು ರಿಪೇರಿ ಮಾಡಿಸಿದರು. ಅಷ್ಟು ವೇಗದ ಕೆಲಸಕ್ಕೇ 46 ದಿನ! ಆಗ ದ್ವೀಪಕ್ಕೆ ರಸ್ತೆ ಸೇತುವೆಯೂ ಇರಲಿಲ್ಲ. ಅದು ಬಂದದ್ದು 1988ರಲ್ಲಿ. ಹೊರಗಿನ ನಂಟು ಕಡಿದ ದಿನಗಳಲ್ಲಿ ದ್ವೀಪದ ಜನ ನಂಬಬಹುದಾದದ್ದು ಕಾಲಡಿಯ ನೀರನ್ನು ಮಾತ್ರ.

ಮರಳ ದಿಬ್ಬ ಬೋಳಾಗಿ ಕಾಣುತ್ತದೆ, ಯಾರಿಗೂ ಬೇಡದ ಜಾಗದಂತೆ. ಲಾಡ್ಜಿಗೋ ಪಾರ್ಕಿಂಗಿಗೋ ಅದನ್ನು ಸಮ ಮಾಡಿ ಕಾಂಕ್ರೀಟು ಹಾಕಿದರೆ ಮಳೆ ಇಂಗದೆ ಚರಂಡಿ ಹಿಡಿದು ಕಡಲಿಗೆ ಹೋಗುತ್ತದೆ, ಮಸೂರ ತೆಳ್ಳಗಾಗುತ್ತದೆ. ಕಾಶಿಯಾತ್ರೆ ಮಾಡುವವರು ಸೇತುವಿನ ಮರಳನ್ನು ಪ್ರಯಾಗದ ಗಂಗೆಗೆ ಒಯ್ದು ಹಾಕಿ, ಗಂಗೆಯನ್ನು ರಾಮನಾಥನ ಅಭಿಷೇಕಕ್ಕೆ ತರುತ್ತಾರೆ. ಹಾಗೆ ಪೂಜಿಸಿ ಒಯ್ಯುವ ಮರಳೇ ಆ ಊರಿನ ಕೆರೆಯೂ ಹೌದು. ಮುಂದಿನ ಸಲ ಹೋದಾಗ ಗಂಧಮಾದನ ಹತ್ತಿ ಸುತ್ತ ನೋಡಿ. ಬಾವಿಯಲ್ಲಿ ನಿಮ್ಮ ತಲೆಗೆ ಸುರಿದ ನೀರು ಎಲ್ಲಿ ಇಂಗಿತ್ತೆಂದು ಅಲ್ಲಿಂದ ಕಾಣುತ್ತದೆ.